ಕೈಗಾದಲ್ಲಿ ಒಪ್ಪಿಸಿದ ಪಾಠ

ಅಟ್ಟದ ಮೇಲಿನ ಕಾಯಿ ಇಳಿಸುವ ಕೆಲಸ ಮೊನ್ನೆ ಮುಗಿಯಿತು. ನಮ್ಮ ಬಾಗೂರು ಸೀಮೆಯಲ್ಲಿ ತೆಂಗು ಅಂದರೆ ಕೊಬ್ಬರಿ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅಂದರೆ ಸುಲಿಯುವ ರಾಶಿಗೆ, ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ. ಕೈ ತನ್ನಷ್ಟಕ್ಕೆ ತಾನೇ ಮಾಡುವ ಕೆಲಸ, ತಲೆಗೆ ಬಿಡುವು. ಆ ಬಿಡುವಿಗೆ ಈ ಸಲ ಬಂದು ಕೂತದ್ದು ಕೈಗಾ ಹತ್ತಿರದ ಕದ್ರಾದ ಒಬ್ಬ ಅಜ್ಜಿ ಕೇಳಿದ ಪ್ರಶ್ನೆ. ಕೈಗಾದಿಂದ ಬಂದು ಮೂರು ತಿಂಗಳಾಯಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನಿಗೆ ಅದಕ್ಕಿನ್ನೂ ಉತ್ತರ ಹೊಳೆದಿಲ್ಲ.

ನಾನು ಹೋದದ್ದು ಅಲ್ಲಿನ ಅಣುಸ್ಥಾವರ ನೋಡಲು ಅಲ್ಲ, ಮೊಮ್ಮಗಳನ್ನು ನೋಡಲು. ಅಳಿಯನ ಕೆಲಸ ಆ ಕಡೆ, ಮನೆ ಮಲ್ಲಾಪುರದಲ್ಲಿ. ಎಂಟನೇ ಕ್ಲಾಸಿನ ಹುಡುಗಿ ಡಿಸೆಂಬರಿನಲ್ಲಿ ಒಂದು ರಾತ್ರಿ ಫೋನು ಮಾಡಿ, ‘ತಾತ, ವಸ್ತುಪ್ರದರ್ಶನಕ್ಕೆ ರಿಯಾಕ್ಟರ್ ಮಾಡ್ತಿದೀನಿ, ಬಂದ್ಬಿಡು’ ಅಂದಳು. ನಿವೃತ್ತ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಆಮಂತ್ರಣ ಯಾವುದಿದೆ?

ಅರಸೀಕೆರೆಯಲ್ಲಿ ರೈಲು ಹತ್ತಿ ಕಡೂರು, ಬೀರೂರು ಕಳೆಯುವವರೆಗೂ ಕಿಟಕಿಯಾಚೆ ನಮ್ಮದೇ ಲೋಕ. ತೆಂಗಿನ ತೋಟ, ರಾಗಿ ಮೆದೆ, ಬೋರ್‌ವೆಲ್ ಲಾರಿ. ಮಾರನೆಯ ದಿನ ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಘಟ್ಟ ಇಳಿಯತೊಡಗಿದಾಗ ಇವೆಲ್ಲ ಯಾವುದೋ ಹಿಂದಿನ ಜನ್ಮದ್ದು ಅನ್ನಿಸಿತು. ನಮ್ಮ ಕಡೆ ಮರಕ್ಕೆ ಲೆಕ್ಕವಿದೆ. ನಿನ್ನ ತೋಟದಲ್ಲಿ ಎಷ್ಟು ಮರ ಅಂತ ಕೇಳಿಯೇ ಹೆಣ್ಣು ಕೊಡುವುದು. ಇಲ್ಲಿ ಲೆಕ್ಕ ಇಡುವ ಯೋಚನೆಯನ್ನೇ ಯಾರೂ ಮಾಡಿದಂತಿಲ್ಲ. ಒಂದು ತಿರುವಿನಲ್ಲಿ ಮಂಗಟ್ಟೆ ಹಕ್ಕಿಯೊಂದು ರೆಕ್ಕೆಯನ್ನು ಬುಸಬುಸ ಬಡಿಯುತ್ತ ಬಸ್ಸಿನ ಮುಂದೆಯೇ ಹಾದುಹೋಯಿತು. ಇನ್ನೊಂದು ತಿರುವಿನಲ್ಲಿ ಕಾಡಿಗೆ ಬೈತಲೆ ತೆಗೆದ ಹಾಗೆ ಉದ್ದಕ್ಕೂ ಬೋಳು ಪಟ್ಟಿ, ಅದರ ಮೇಲೆ ದೈತ್ಯ ಕಂಬಗಳ ಸಾಲು. ಕರೆಂಟು ಘಟ್ಟ ಹತ್ತಿ ನಮ್ಮ ಕಡೆಗೆ ಬರುವ ದಾರಿ ಅದು.

ಮರಗಳ ಸಂದಿಯಲ್ಲಿ ಒಮ್ಮೆ ಸ್ಥಾವರದ ಗುಮ್ಮಟ ಕಂಡ ಹಾಗಾಯಿತು. ಹೊಗೆಯಿಲ್ಲ. ರಾಯಚೂರಿನ ಶಕ್ತಿನಗರವನ್ನು ನೋಡಿದ ಕಣ್ಣಿಗೆ ಇದೇ ವಿಚಿತ್ರ. ಅಲ್ಲಿ ಕಲ್ಲಿದ್ದಲು ಉರಿಯುವುದು ದೂರದಿಂದಲೇ ಗೊತ್ತಾಗುತ್ತದೆ, ಬೂದಿ ಕಾಣುತ್ತದೆ, ವ್ಯಾಗನ್ನುಗಳ ಸಾಲು ಕಾಣುತ್ತದೆ. ಇಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಕಾಳಿ ನದಿಯ ದಡದಲ್ಲಿ ಕೂತು ದಿನವಿಡೀ ನೀರು ಕಾಯಿಸುತ್ತಿದ್ದರೂ ಹೊರಗಿನವರ ಕಣ್ಣಿಗೆ ಬೀಳುವುದು ಕಾಡು ಮಾತ್ರ. ಕಾಣದ್ದನ್ನು ನಂಬಿಸುವುದೂ ಕಷ್ಟ, ಕಾಣದ್ದರ ಭಯ ಬಿಡಿಸುವುದೂ ಕಷ್ಟ.

ಮಗಳ ಮನೆಯಲ್ಲಿ ಥರ್ಮಾಕೋಲಿನ ರಿಯಾಕ್ಟರು ಊಟದ ಮೇಜನ್ನೇ ಆಕ್ರಮಿಸಿತ್ತು. ಮೊಮ್ಮಗಳು ಅದರ ಮುಂದೆ ಕೈಕಟ್ಟಿ ನಿಂತು ಒಪ್ಪಿಸಿದಳು. ‘ಭಾರಜಲವು ನ್ಯೂಟ್ರಾನುಗಳ ವೇಗವನ್ನು ತಗ್ಗಿಸುತ್ತದೆ.’

‘ಯಾಕೆ ತಗ್ಗಿಸ್ಬೇಕು ಪುಟ್ಟಿ?’

‘ಹಂಗೇ ಬರ್ದಿದೆ ತಾತ.’

ಅವಳ ತಮ್ಮನ ಡಬ್ಬಿಯಿಂದ ಗೋಲಿ ತರಿಸಿದೆ. ಅಂಗಳದಲ್ಲಿ ಹಿಮ್ಮಡಿಯಿಂದ ಒಂದು ಗುಳಿ ಮಾಡಿದೆ. ಜೋರಾಗಿ ಹೊಡೆದ ಗೋಲಿ ಗುಳಿಯ ಮೇಲೆ ಹಾರಿಹೋಯಿತು, ಮೆಲ್ಲಗೆ ಉರುಳಿಸಿದ್ದು ಒಳಗೆ ಬಿತ್ತು. ಯುರೇನಿಯಂನ ಪರಮಾಣು ಒಡೆದಾಗ ಬಿಸಿಯ ಜೊತೆಗೆ ಎರಡು ಮೂರು ನ್ಯೂಟ್ರಾನು ಸಿಡಿಯುತ್ತವೆ. ಅವುಗಳ ವೇಗ ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್. ಆ ಭರದಲ್ಲಿ ಮುಂದಿನ ಪರಮಾಣುವಿನ ಗುಳಿಗೆ ಬೀಳುವುದು ಅಪರೂಪ. ಭಾರಜಲದ ಕಣಗಳಿಗೆ ಡಿಕ್ಕಿ ಹೊಡೆಯುತ್ತ ಹೊಡೆಯುತ್ತ ಸೆಕೆಂಡಿಗೆ ಎರಡು ಕಿಲೋಮೀಟರಿಗೆ ಇಳಿದರೆ ಸರಿಯಾಗಿ ಬೀಳುತ್ತದೆ. ಮಾಮೂಲಿ ನೀರೂ ವೇಗ ತಗ್ಗಿಸುತ್ತದೆ, ಆದರೆ ದಾರಿಯಲ್ಲಿ ಕೆಲವು ನ್ಯೂಟ್ರಾನುಗಳನ್ನು ತಾನೇ ನುಂಗುತ್ತದೆ. ನೆಲದಿಂದ ಬಂದ ಯುರೇನಿಯಂನಲ್ಲಿ ಒಡೆಯುವ ಜಾತಿಯ ಪರಮಾಣು ಸಾವಿರಕ್ಕೆ ಏಳು ಮಾತ್ರ. ಅಷ್ಟು ಬಡವನ ಮನೆಯಲ್ಲಿ ಒಂದು ನ್ಯೂಟ್ರಾನೂ ದಂಡವಾಗುವಂತಿಲ್ಲ. ಅದಕ್ಕೇ ದುಬಾರಿ ಭಾರಜಲ.

ಸಿಡಿದ ಎರಡು ಮೂರರಲ್ಲಿ ಸರಾಸರಿ ಒಂದೇ ಒಂದು ಮುಂದಿನ ಪರಮಾಣುವನ್ನು ಒಡೆಯಬೇಕು. ಕಡಿಮೆಯಾದರೆ ಒಲೆ ನಂದುತ್ತದೆ, ಹೆಚ್ಚಾದರೆ ಏರುತ್ತ ಹೋಗುತ್ತದೆ. ಮಿಕ್ಕವನ್ನು ನುಂಗಲು ಸರಳುಗಳಿವೆ. ಉಳಿದದ್ದೆಲ್ಲ ನಮ್ಮ ಅಜ್ಜಂದಿರಿಗೂ ಗೊತ್ತಿದ್ದ ವಿದ್ಯೆ. ನೀರು ಕಾಯಿಸು, ಹಬೆ ಮಾಡು, ಚಕ್ರ ತಿರುಗಿಸು.

‘ಬಾಂಬ್ ಆಗಲ್ವಾ ತಾತ?’

ಸಾವಿರಕ್ಕೆ ಏಳು ಇರುವ ಯುರೇನಿಯಂ ಬಾಂಬಿನಂತೆ ಸಿಡಿಯಲಾರದು ಅಂದೆ. ಬಾಂಬಾಗದ ಮಾತ್ರಕ್ಕೆ ಬೇರೆ ರೀತಿ ಕೆಡಲಾರದು ಅಂತಲ್ಲ ಅನ್ನುವುದನ್ನು ಆ ರಾತ್ರಿ ಅವಳಿಗೆ ಹೇಳಲಿಲ್ಲ. ಊಟದ ಹೊತ್ತಾಗಿತ್ತು.

ಇಂಧನದ ಒಂದು ಕಟ್ಟು ಅರ್ಧ ಮೀಟರು ಉದ್ದ, ಹತ್ತೊಂಬತ್ತು ಕೊಳವೆ, ಒಳಗೆ ಸುಮಾರು 15 ಕೆ.ಜಿ. ಯುರೇನಿಯಂ ಆಕ್ಸೈಡ್. ಅಂಥ ಹನ್ನೆರಡು ಕಟ್ಟುಗಳು ಒಂದೊಂದು ನಳಿಗೆಯಲ್ಲಿ, ಒಂದು ರಿಯಾಕ್ಟರಿಗೆ 306 ನಳಿಗೆ. ಊಟ ಮಾಡುತ್ತ ನಾನೂ ಅಳಿಯನೂ ಲೆಕ್ಕ ಹಾಕಿದೆವು. ತಿಂಗಳಿಗೆ ನೂರು ಯೂನಿಟ್ ಸುಡುವ ಐನೂರು ಮನೆಗಳಿಗೆ ಒಂದು ವರ್ಷಕ್ಕೆ ಒಂದು ಕಟ್ಟು ಸಾಕು! ಅಂದರೆ ನಮ್ಮೂರಿನಂಥ ಊರಿನ ವರ್ಷದ ದೀಪವನ್ನು ಒಬ್ಬ ಆಳು ಹೆಗಲ ಮೇಲೆ ಹೊರಬಹುದು. ಹೊಸ ಕಟ್ಟನ್ನು ಮಾತ್ರ. ಒಲೆಯಿಂದ ಹೊರಬಂದ ಹಳೇ ಕಟ್ಟಿನ ಹತ್ತಿರ ಯಾರೂ ಸುಳಿಯುವಂತಿಲ್ಲ, ಅದು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿರಬೇಕು.

ಇನ್ನೊಂದು ಅನುಕೂಲವನ್ನೂ ಅಳಿಯ ಹೇಳಿದ. ಈ ಬಗೆಯ ರಿಯಾಕ್ಟರಿಗೆ ಉರಿಯುವ ಒಲೆಗೆ ಸೌದೆ ಒಡ್ಡಿದ ಹಾಗೆ ಓಡುತ್ತಿರುವಾಗಲೇ ಇಂಧನ ಬದಲಿಸಬಹುದು. ಹಾಗಾಗಿಯೇ ಕೈಗಾದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಮ್ಮೆಯೂ ನಿಲ್ಲದೆ ಓಡಿ ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆಯನ್ನು ಮುರಿಯಿತು. ಇದು ಮೊಮ್ಮಗಳ ಚಾರ್ಟಿನಲ್ಲಿ ದೊಡ್ಡಕ್ಷರದಲ್ಲಿತ್ತು. ಅದೇ ಘಟಕದಲ್ಲಿ ಅದೇ ಮೇ 13ರಂದು, ಆದರೆ 1994ರಲ್ಲಿ, ಇನ್ನೂ ಕಟ್ಟುತ್ತಿದ್ದಾಗ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದದ್ದು ಚಾರ್ಟಿನಲ್ಲಿರಲಿಲ್ಲ. ಆಗಿನ್ನೂ ಒಳಗೆ ಯುರೇನಿಯಂ ಇರಲಿಲ್ಲ. ಗುಮ್ಮಟವನ್ನು ಮತ್ತೆ ಲೆಕ್ಕ ಹಾಕಿ ಕಟ್ಟಿದರು. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಬೇಕಂತಲೇ ಟ್ರೀಷಿಯಂ ಬೆರೆತ ಭಾರಜಲ ಸುರಿದು ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ಮೈ ಸೇರಿದ್ದೂ ಇರಲಿಲ್ಲ. ಚಾರ್ಟಿನ ಕೊನೆಯ ಸಾಲು, ಕೆಂಪು ಸ್ಕೆಚ್ ಪೆನ್ನಿನಲ್ಲಿ: ‘ಅಣುಸ್ಥಾವರ ಸಂಪೂರ್ಣ ಸುರಕ್ಷಿತ.’ ನಾನು ನೋಡಿ ಸುಮ್ಮನಾದೆ. ಮೇಷ್ಟ್ರಾಗಿದ್ದಾಗ ನಾನೂ ಇಂಥ ಚಾರ್ಟುಗಳಿಗೆ ಬಹುಮಾನ ಕೊಟ್ಟವನೇ.

ಪ್ರದರ್ಶನದ ದಿನ ಶಾಲೆಯ ಅಂಗಳದಲ್ಲಿ ಜಾತ್ರೆ. ಕೊಂಕಣಿ, ಕನ್ನಡ, ಹಾಲಕ್ಕಿಯವರ ಮಾತು, ಸ್ಥಾವರದ ಕಾಲೊನಿಯವರ ಹಿಂದಿ, ತಮಿಳು, ಎಲ್ಲವೂ ಬೆರೆತು ಕೇಳುತ್ತಿತ್ತು. ಮೊಮ್ಮಗಳು ನಲವತ್ತು ಸಲ ಒಪ್ಪಿಸಿದಳು. ಬಂದವರು ತಲೆದೂಗಿ ಮುಂದೆ ಹೋದರು. ನಲವತ್ತೊಂದನೆಯವಳಾಗಿ ಬಂದ ಅಜ್ಜಿ ಹೋಗಲಿಲ್ಲ. ಮೊಮ್ಮಗನ ಮಳೆನೀರು ಕೊಯ್ಲು ನೋಡಲು ಕದ್ರಾದಿಂದ ಬಂದವಳು, ಪಕ್ಕದ ಮೇಜಿಗೆ ಒರಗಿ ಪೂರ್ತಿ ಕೇಳಿದಳು.

‘ಮಗಾ, ಜಪಾನಿನಲ್ಲಿ ಒಲೆ ಆರ್‍ಸಿದ್ರಂತೆ. ಆರ್‍ಸಿದ ಮೇಲೂ ಕರಗಿ ಹೋಯ್ತು ಅಂತ ಟೀವಿಯಲ್ಲಿ ಹೇಳಿದ್ರು. ಆರಿದ ಒಲೆ ಸುಡೂದು ಹ್ಯಾಂಗೆ?’

ಹುಡುಗಿ ನನ್ನ ಮುಖ ನೋಡಿದಳು. ಚಾರ್ಟಿನಲ್ಲಿ ಅದಿಲ್ಲ. ನಾನು ಮುಂದೆ ಬಂದೆ. ನಮ್ಮ ಕಡೆ ಆಲೆಮನೆ ಉಂಟು ಅಂದೆ. ಬೆಲ್ಲ ಹದಕ್ಕೆ ಬಂತು ಅಂತ ಉರಿಯನ್ನೆಲ್ಲ ಎಳೆದುಹಾಕಿದರೂ ಕೊಪ್ಪರಿಗೆ ಕೊತಕೊತ ಅನ್ನುತ್ತಲೇ ಇರುತ್ತದೆ, ಕೈಯಾಡಿಸುವುದು ಬಿಟ್ಟರೆ ತಳ ಹಿಡಿಯುತ್ತದೆ. ರಿಯಾಕ್ಟರಿನ ಕಾವು ಅದಕ್ಕಿಂತ ಹಟಮಾರಿ. ಒಡೆದ ಯುರೇನಿಯಂ ಚೂರುಗಳು ಸ್ವತಃ ಅಸ್ಥಿರ, ಆಮೇಲೂ ಕ್ಷಯಿಸುತ್ತ ಬಿಸಿ ಕೊಡುತ್ತಲೇ ಇರುತ್ತವೆ. ಸರಳು ಇಳಿಸಿದ ಕ್ಷಣದಲ್ಲಿ ಪೂರ್ಣ ಶಾಖದ ಶೇಕಡಾ ಆರರಷ್ಟು, ಒಂದು ದಿನ ಕಳೆದರೂ ಶೇಕಡಾ ಅರ್ಧದ ಆಸುಪಾಸು. ಕೇಳಲು ಚಿಲ್ಲರೆ, ಆದರೆ ಪೂರ್ಣ ಶಾಖವೇ ಬೆಟ್ಟದಷ್ಟಿರುವಾಗ ಅದರ ಚಿಲ್ಲರೆಯೂ ಗುಡ್ಡವೇ. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಭೂಮಿ ನಡುಗಿದಾಗ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಸುನಾಮಿ ಬಂದು ಪಂಪು ನಡೆಸುವ ಕರೆಂಟು ಹೋಯಿತು. ಕೈಯಾಡಿಸುವವರಿಲ್ಲದೆ ಕೊಪ್ಪರಿಗೆ ಕರಗಿತು.

ಅಜ್ಜಿ ಬೆಲ್ಲದ ಕೊಪ್ಪರಿಗೆಯನ್ನು ಕಣ್ಣೆದುರು ಕಂಡವಳಂತೆ ಹೂಂ ಅಂದಳು. ಆಮೇಲೆ ಕೇಳಿದಳು. ‘ಲಾಯ್ಕಾಗಿ ಹೇಳಿದ್ರಿ ಮಾಸ್ತರೇ, ಗೊತ್ತಾಯ್ತು. ಗೊತ್ತಾದ ಮೇಲೂ ನಾನು ಬೇಡ ಅನ್ಬಹುದಲ್ಲ?’

ನಾನು ನಕ್ಕೆ. ಆ ನಗುವಿನ ನಾಚಿಕೆ ಈಗಲೂ ಹೋಗಿಲ್ಲ.

ಬಹುಮಾನ ಮಳೆನೀರು ಕೊಯ್ಲಿಗೆ ಬಂತು. ಖುಷಿಯಲ್ಲಿ ಅಜ್ಜಿ ನಮ್ಮಿಬ್ಬರನ್ನೂ ಮಾರನೆಯ ದಿನ ಊಟಕ್ಕೆ ಕರೆದಳು. ಕುಚ್ಚಲಕ್ಕಿ ಗಂಜಿ, ಬಂಗಡೆ ಸಾರು, ಮುರುಗಲು ಹುಳಿಯ ಕಡಿ. ಎಲ್ಲದಕ್ಕೂ ತೆಂಗಿನಕಾಯಿ ಧಾರಾಳ. ಹಸಿ ಕಾಯಿಯನ್ನು ಹೀಗೆ ಕೈಬಿಚ್ಚಿ ತುರಿಯುವುದನ್ನು ಕಂಡರೆ ನಮ್ಮಕ್ಕ ಎದೆ ಬಡಿದುಕೊಳ್ಳುತ್ತಾಳೆ. ನಮ್ಮಲ್ಲಿ ತೆಂಗು ಬೆಳೆಯುವವರ ಮನೆಯ ಬಸ್ಸಾರಿಗೆ ಬೀಳುವುದು ಒಡೆದ ಹೋಳು, ಕೆಟ್ಟ ಕಾಯಿ. ಒಳ್ಳೆಯದೆಲ್ಲ ತಿಪಟೂರು, ಅರಸೀಕೆರೆಯ ಮಾರುಕಟ್ಟೆಗೆ. ಮುದ್ದೆಯಿಲ್ಲದ ನಾಲಗೆ ಮೊದಲ ತುತ್ತಿಗೆ ಹಿಂಜರಿದರೂ ಎರಡನೇ ಸಲ ಗಂಜಿ ಬಡಿಸಿಕೊಂಡೆ.

ಮನೆಯ ಹಿಂದೆಯೇ ಕದ್ರಾ ಅಣೆಕಟ್ಟಿನ ಹಿನ್ನೀರು. ಅದರೊಳಗೆ ಎಲ್ಲೋ ಅಜ್ಜಿಯ ತವರಿನ ಗದ್ದೆಯಿದೆ. ಸ್ಥಾವರ ತಣ್ಣಗಾಗುವುದು ಈ ನೀರಿನಿಂದಲೇ. ಹುಟ್ಟಿದ ಶಾಖದಲ್ಲಿ ಮೂರನೆಯ ಒಂದು ಪಾಲಿಗೂ ಕಡಿಮೆ ಕರೆಂಟಾಗುತ್ತದೆ, ಮಿಕ್ಕದ್ದನ್ನು ನೀರು ಒಯ್ಯಬೇಕು. ಕಲ್ಲಿದ್ದಲಿನ ಸ್ಥಾವರದ ಹಣೆಬರಹವೂ ಹೆಚ್ಚುಕಡಿಮೆ ಅದೇ. ಈ ನೀರು, ಮೀನು, ಹಾಲು, ಅಕ್ಕಿಯನ್ನೆಲ್ಲ ಆಗಾಗ ಒಯ್ದು ವಿಕಿರಣ ಅಳೆಯುವ ಪ್ರಯೋಗಾಲಯ ಮಲ್ಲಾಪುರದಲ್ಲಿದೆ. ‘ತಕೊಂಡು ಹೋಗ್ತಾರೆ, ಎಷ್ಟು ಬಂತು ಅಂತ ನಂಗೆ ಬಂದು ಹೇಳಿದವರಿಲ್ಲ’ ಅಂದಳು ಅಜ್ಜಿ. ದೂರಿನ ದನಿಯಲ್ಲ, ಸಂತೆಯ ಸುದ್ದಿ ಹೇಳಿದ ಹಾಗೆ.

ಊಟವಾದ ಮೇಲೆ ಎಳನೀರು ಕೊಟ್ಟಳು. ಮೇಷ್ಟ್ರಿಗೆ ಬಾಯಿ ಕಟ್ಟಲಾಗಲಿಲ್ಲ. ಇದರಲ್ಲೂ ವಿಕಿರಣ ಉಂಟು ಅಜ್ಜಿ ಅಂದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಮೂವತ್ತರಷ್ಟು ಪರಮಾಣುಗಳು ತಾವಾಗಿಯೇ ಸಿಡಿಯುತ್ತವೆ. ನಮ್ಮ ಮೈಯೊಳಗೇ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು. ಮಣ್ಣು, ಬಂಡೆ, ಆಕಾಶ ಎಲ್ಲ ಸೇರಿ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾಗುತ್ತದೆ, ಸ್ಥಾವರದಿಂದ ಜನರಿಗೆ 1ಕ್ಕಿಂತ ಹೆಚ್ಚು ತಾಗಬಾರದೆಂಬ ಮಿತಿಯಿದೆ.

ಹೇಳುತ್ತ ಹೇಳುತ್ತಲೇ ನನ್ನ ಮಾತು ನನಗೇ ಕಹಿಯಾಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಎಳನೀರಿನ ಲೆಕ್ಕವನ್ನು ನಾವು ತೆಗೆಯುವುದು ಯಾವಾಗ? ಎದುರಿನವರ ಬಾಯಿ ಮುಚ್ಚಿಸಬೇಕಾದಾಗ. ಪೊಟ್ಯಾಸಿಯಂ ಹೆಚ್ಚಾದರೆ ಮೈ ತಾನೇ ಹೊರಹಾಕುತ್ತದೆ. ರಿಯಾಕ್ಟರಿನೊಳಗೆ ಹುಟ್ಟುವ ಅಯೋಡಿನ್ ಹೊರಬಿದ್ದರೆ ಗಂಟಲಿನ ಥೈರಾಯ್ಡ್ ಗ್ರಂಥಿ ಅದನ್ನು ಹುಡುಕಿ ಹುಡುಕಿ ಕೂಡಿಟ್ಟುಕೊಳ್ಳುತ್ತದೆ. 1986ರಲ್ಲಿ ಚೆರ್ನೋಬಿಲ್ ಸುತ್ತಲಿನ ಮಕ್ಕಳಿಗೆ ಆದದ್ದು ಇದೇ. ಎಳನೀರಿನ ಜೊತೆ ಇದನ್ನೂ ಹೇಳದಿದ್ದರೆ ಅದು ಪಾಠವಲ್ಲ, ವಕಾಲತ್ತು. ಅಜ್ಜಿಗೆ ಅದನ್ನೂ ಹೇಳಿದೆ. ಅಯೋಡಿನ್ ಎಷ್ಟು ದಿನ ಇರುತ್ತದೆ ಅಂತ ಕೇಳಿದಳು. ನಮ್ಮ ಅಟ್ಟದ ಕಾಯಿ ಸಹಾಯಕ್ಕೆ ಬಂತು. ಸಾವಿರ ಕಾಯಲ್ಲಿ ಇಂಥದ್ದೇ ಇಂಥ ದಿನ ಒಣಗುತ್ತದೆ ಅಂತ ಹೇಳಲಾರೆ, ಆದರೆ ಅರ್ಧ ರಾಶಿ ಎಷ್ಟು ಹೊತ್ತಿಗೆ ಒಣಗಿರುತ್ತದೆ ಅಂತ ಹೇಳಬಲ್ಲೆ. ಅಯೋಡಿನ್ನಿನ ಅರ್ಧ ರಾಶಿಗೆ ಎಂಟು ದಿನ, ಸೀಸಿಯಂಗೆ ಮೂವತ್ತು ವರ್ಷ, ಪ್ಲುಟೋನಿಯಂಗೆ ಇಪ್ಪತ್ತನಾಲ್ಕು ಸಾವಿರ ವರ್ಷ. (ಹೋಲಿಕೆ ಇಲ್ಲಿಗೆ ಕುಂಟುತ್ತದೆ. ಕಾಯಿಗೆ ವಯಸ್ಸಾಗುತ್ತದೆ, ಪರಮಾಣುವಿಗೆ ಆಗುವುದಿಲ್ಲ. ಉಳಿದರ್ಧ ಒಣಗಲು ಮತ್ತೆ ಅಷ್ಟೇ ಕಾಲವಲ್ಲ, ಅದರರ್ಧಕ್ಕೆ ಮತ್ತಷ್ಟು ಕಾಲ.)

‘ಇಪ್ಪತ್ತನಾಲ್ಕು ಸಾವಿರ’ ಅಂದಳು ಅಜ್ಜಿ, ನೀರಿನ ಕಡೆ ನೋಡುತ್ತ. ಮುಂದೆ ಮಾತಾಡಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಶಿವರಾಮ ಕಾರಂತರ ನೆನಪು ಕಾಡಿತು. ಕೈಗಾ ಬೇಡ ಅಂದವರಲ್ಲಿ ಅವರದು ದೊಡ್ಡ ದನಿ. 1989ರ ಲೋಕಸಭಾ ಚುನಾವಣೆಗೆ, ಎಂಬತ್ತೇಳರ ವಯಸ್ಸಿನಲ್ಲಿ, ಪರಿಸರದ ಹೆಸರಿನಲ್ಲಿ ಆ ಸೀಮೆಯಿಂದಲೇ ನಿಂತು ಸೋತರು. ಆಗ ಕೆಲಸಕ್ಕೆ ಹೊಸದಾಗಿ ಸೇರಿದ್ದ ನನಗೆ ಮುದುಕರಿಗೆ ವಿಜ್ಞಾನ ತಿಳಿಯದು ಅನ್ನಿಸಿತ್ತು. ಎಂಥ ಮೂರ್ಖತನ! ಕನ್ನಡದ ಮಕ್ಕಳಿಗೆ ‘ಬಾಲಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಬರೆದುಕೊಟ್ಟವರು ಅವರೇ. ನಾನು ಪಾಠಕ್ಕೆ ತಯಾರಾಗುತ್ತಿದ್ದದ್ದೂ ಆ ಸಂಪುಟಗಳಿಂದಲೇ. ಅವರು ತಿಳಿಯದೆ ಬೇಡ ಅಂದವರಲ್ಲ, ತಿಳಿದು ಬೇಡ ಅಂದವರು. ಹಾಗೆಯೇ ತಿಳಿದು ಬೇಕು ಅಂದವರೂ ಇದ್ದಾರೆ, ನಾನೂ ಆ ಕಡೆಯವನೇ. ಹೊಗೆಯುಗುಳುವ ಕಲ್ಲಿದ್ದಲಿಗಿಂತ ಕೈಗಾ ವಾಸಿ ಅನ್ನುವ ನನ್ನ ಅಭಿಪ್ರಾಯ ಗಂಜಿ ಉಂಡ ಮೇಲೂ ಬದಲಾಗಿಲ್ಲ.

ಬದಲಾದದ್ದು ಬೇರೆ. ನಮ್ಮ ಭಾಷೆಯಲ್ಲಿ ಒಪ್ಪಿಸುವುದು ಅಂದರೆ ಕಂಠಪಾಠ ಹೇಳುವುದು. ಒಪ್ಪಿಸುವುದು ಅಂದರೆ ಹೂಂ ಅನ್ನಿಸುವುದು. ಜಮೀನು ಒಪ್ಪಿಸುವುದು ಅಂತಲೂ ಇದೆ. ಮೂವತ್ತೊಂದು ವರ್ಷ ನಾನು ಮೂರನ್ನೂ ಒಂದೇ ಅಂದುಕೊಂಡಿದ್ದೆ. ಜನರಿಗೆ ಅಣುಶಕ್ತಿಯ ತಿಳಿವಳಿಕೆ ಕೊಡಬೇಕು ಅನ್ನುವವರು ಬಹುತೇಕ ಕೊಡಲು ಹೊರಡುವುದು ಎರಡನೆಯದನ್ನು. 2012ರಲ್ಲಿ ಅಣುತ್ಯಾಜ್ಯವನ್ನು ಕೋಲಾರದ ಚಿನ್ನದ ಗಣಿಗೆ ತರುತ್ತಾರೆಂದು ಸುದ್ದಿ ಹಬ್ಬಿ ಜನ ಬೀದಿಗೆ ಬಂದರು, ಸರ್ಕಾರ ಹಾಗೇನಿಲ್ಲ ಅಂದಿತು. ಆವತ್ತು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕೆವು, ಜನಕ್ಕೆ ಗೊತ್ತಿಲ್ಲ ಅಂತ. ಗೊತ್ತಾಗುವ ಹಾಗೆ ಮೊದಲೇ ಹೇಳಿದವರು ಯಾರು ಅಂತ ಯಾರೂ ಕೇಳಲಿಲ್ಲ. ಈಗ ಕೈಗಾದಲ್ಲಿ ತಲಾ 700 ಮೆಗಾವಾಟಿನ ಐದು, ಆರನೇ ಘಟಕಗಳು ಬರಲಿವೆ. ಮತ್ತೆ ಚಾರ್ಟುಗಳು ತಯಾರಾಗುತ್ತವೆ.

ಊರಿಗೆ ಬಂದು ಜಗಲಿಯಲ್ಲಿ ಕೂತು ಅಕ್ಕನಿಗೆ ಎಲ್ಲ ಹೇಳಿದೆ. ಗೋಲಿ, ಕೊಪ್ಪರಿಗೆ, ಎಳನೀರು. ಅಜ್ಜಿಯ ಪ್ರಶ್ನೆಯನ್ನೂ ಹೇಳಿದೆ.

‘ನಮ್ಮನ್ನ ಯಾರು ಕೇಳಿದ್ರು ಬಿಡು’ ಅಂದಳು ಅಕ್ಕ.

ಅವಳು ಹೇಳಿದ್ದು ಸುರಂಗದ ಮಾತು. ಗೊರೂರಿನಿಂದ ಹೊರಟ ಹೇಮಾವತಿಯ ನಾಲೆ ಬಾಗೂರಿನ ಹತ್ತಿರ ನೆಲದೊಳಗೆ ಇಳಿದು, ಮೈಲಿಗಟ್ಟಲೆ ಕತ್ತಲಲ್ಲಿ ಹರಿದು, ನವಿಲೆಯ ಕಡೆ ಹೊರಬಂದು ತುಮಕೂರು ಸೀಮೆಗೆ ಹೋಗುತ್ತದೆ. ನಮ್ಮ ಕಾಲ ಕೆಳಗೇ ಹೊಳೆ. ಸುರಂಗ ಕೊರೆದ ಮೇಲೆ ಮೇಲಿನ ಬಾವಿಗಳು ಬತ್ತಿದವು ಅನ್ನುವುದು ಇಲ್ಲಿನ ರೈತರ ಹಳೇ ಗೋಳು, ಪರಿಹಾರಕ್ಕಾಗಿ ಹೋರಾಟವೂ ಹಳೆಯದೇ. ಬಂಡೆಯಲ್ಲಿ ತೂತು ಕೊರೆದರೆ ಬಿರುಕುಗಳಲ್ಲಿ ನಿಂತ ನೀರು ಅತ್ತ ಜಿನುಗುತ್ತದೆ. ಇದನ್ನು ತಿಳಿಯಲು ಅಣುವಿಜ್ಞಾನವೇನೂ ಬೇಕಿಲ್ಲ, ಹೈಸ್ಕೂಲಿನ ಅಂತರ್ಜಲದ ಪಾಠ ಸಾಕು. ಆ ಪಾಠವನ್ನು ಮೂವತ್ತೊಂದು ವರ್ಷ ಹೇಳಿಕೊಟ್ಟವನು ನಾನೇ. ಸುರಂಗದ ಮಾತನ್ನು ಒಂದು ದಿನವೂ ಕ್ಲಾಸಿನಲ್ಲಿ ಎತ್ತಲಿಲ್ಲ. ಮಕ್ಕಳಿಂದ ಹೇಮಾವತಿ ಯೋಜನೆಯ ಉಪಯೋಗಗಳನ್ನು ಮಾತ್ರ ಒಪ್ಪಿಸಿಕೊಂಡೆ.

‘ಬಾವಿ ಬತ್ತುತ್ತೆ ಅಂತ ಮೊದ್ಲೇ ಹೇಳಿದ್ರೆ ಬೇಡ ಅಂತಿದ್ಯಾ ಅಕ್ಕ?’

‘ಅಂತಿದ್ನೋ ಇಲ್ವೋ. ತಿಪಟೂರಿನೋರಿಗೂ ನೀರು ಬೇಕಲ್ಲಪ್ಪ’ ಅಂದು ಎದ್ದು ಒಳಗೆ ಹೋದಳು.

ನಮ್ಮಪ್ಪ ತೋಡಿಸಿದ ಬಾವಿ ತೋಟದ ಮೂಲೆಯಲ್ಲಿ ಇನ್ನೂ ಇದೆ. ನಲವತ್ತು ಅಡಿ ಆಳ. ಈ ವಾರ ಸುಲಿದ ಕಾಯಿಯ ಮಟ್ಟೆಯನ್ನೆಲ್ಲ ಅದರೊಳಗೆ ಹಾಕಿಸಿದೆ.